ಹತ್ತು ದಿನದ ಜ್ವರ, ಆಟ ಬಿಟ್ಟ ಮಗು: ಮಿದುಳಿನ ಕ್ಷಯದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದವು: ಮಕ್ಕಳ ಮಿದುಳಿಗೆ ತಗಲುವ ಕ್ಷಯ. ಕ್ಷಯದ ಎಲ್ಲ ರೋಗಿಗಳಲ್ಲಿ ಮಿದುಳಿಗೆ ತಗಲಿದವರು ನೂರಕ್ಕೆ ಸುಮಾರು ಒಬ್ಬರು. ಅಪರೂಪದ ಕಾಯಿಲೆಯಾದ್ದರಿಂದಲೇ ಇದು ತಡವಾಗಿ ಪತ್ತೆಯಾಗುತ್ತದೆ. ಹಾಗಾಗಿ ಇಡೀ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ಮಕ್ಕಳ ತಜ್ಞರು ಮತ್ತು ಕ್ಷಯ ಚಿಕಿತ್ಸೆಯ ವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಮೂರು ವರ್ಷ. ಜನವರಿಯಲ್ಲಿ ಜ್ವರ ಶುರುವಾಯಿತು. ಕಾಡಿನ ಅಂಚಿನ ಮನೆ, ಮಂಗನ ಕಾಯಿಲೆ ಇರಬೇಕೆಂದು ರಕ್ತಪರೀಕ್ಷೆ ಮಾಡಿಸಿದೆವು. ಅದಲ್ಲ ಎಂದು ಬಂತು. ಸಿರಪ್ ಕುಡಿಸಿದರೆ ಜ್ವರ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮಾಣಿ ಆಟ ಬಿಟ್ಟ. ಬೆಳಿಗ್ಗೆ ಎದ್ದ ಕೂಡಲೇ ವಾಂತಿ. ಹನ್ನೆರಡನೇ ದಿನ ಒಂದು ಕಣ್ಣು ಮೂಗಿನ ಕಡೆ ತಿರುಗಿಬಿಟ್ಟಿತು. ಹುಬ್ಬಳ್ಳಿಯಲ್ಲಿ ಮಿದುಳಿಗೆ ಟಿಬಿ ಆಗಿದೆ ಎಂದರು. ಒಂದು ದಿನವೂ ಕೆಮ್ಮದ ಮಗುವಿಗೆ ಟಿಬಿ ಹೇಗೆ ಬಂತು? ನಾವು ತಡ ಮಾಡಿದ್ದು ಎಲ್ಲಿ?
– ಸಿದ್ದಾಪುರದ ಓದುಗರು

ಉತ್ತರ: ಕೆಮ್ಮಿದ್ದು ಮಗುವಲ್ಲ, ಮಗುವನ್ನು ಎತ್ತಿ ಆಡಿಸಿದ ಯಾರೋ ದೊಡ್ಡವರು. ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ ಗಾಳಿಯಲ್ಲಿ ತೇಲುವ ರೋಗಾಣುವನ್ನು ಮಗು ಉಸಿರಿನೊಂದಿಗೆ ಎಳೆದುಕೊಳ್ಳುತ್ತದೆ. ದೊಡ್ಡವರಲ್ಲಿ ಹೆಚ್ಚಿನವರ ದೇಹ ಅದನ್ನು ಶ್ವಾಸಕೋಶದಲ್ಲೇ ಕಟ್ಟಿಹಾಕಿಬಿಡುತ್ತದೆ. ಐದು ವರ್ಷದೊಳಗಿನ, ಅದರಲ್ಲೂ ಎರಡು ವರ್ಷದೊಳಗಿನ ಮಕ್ಕಳಿಗೆ ಆ ಶಕ್ತಿ ಇನ್ನೂ ಬಲಿತಿರುವುದಿಲ್ಲ. ರೋಗಾಣು ಶ್ವಾಸಕೋಶದ ಪಕ್ಕದ ದುಗ್ಧರಸ ಗ್ರಂಥಿಗೆ ಹೋಗಿ, ಅಲ್ಲಿಂದ ರಕ್ತಕ್ಕೆ ಇಳಿದು, ಮಿದುಳಿನ ಹೊದಿಕೆಯ ಅಡಿಯಲ್ಲಿ ಸಾಸಿವೆಯಷ್ಟು ಗಂಟು ಕಟ್ಟಿಕೊಂಡು ಕೂರುತ್ತದೆ. ಆರ್ನಾಲ್ಡ್ ರಿಚ್ ಮತ್ತು ಹೋವರ್ಡ್ ಮೆಕಾರ್ಡಕ್ ಎಂಬ ಅಮೆರಿಕದ ವೈದ್ಯರು 1933ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಗಂಟಿಗೆ ಇಂದಿಗೂ ರಿಚ್ ಎಂಬುವರ ಹೆಸರೇ ಇದೆ. ಸೋಂಕು ತಗಲಿದ ಕೆಲವೇ ತಿಂಗಳಲ್ಲಿ, ಹೆಚ್ಚಾಗಿ ಒಂದು ವರ್ಷದೊಳಗೆ, ಆ ಗಂಟು ಒಡೆದು ರೋಗಾಣು ಮಿದುಳಿನ ಸುತ್ತಲಿನ ನೀರಿಗೆ ಬೀಳುತ್ತದೆ. ಕಾಯಿಲೆ ಶುರುವಾಗುವುದು ಆಗ.

ಆ ನೀರಿನಲ್ಲಿ ಏಳುವ ಉರಿಯೂತದಿಂದ ಅಂಟಿನಂಥ ದ್ರವ ಮಿದುಳಿನ ಬುಡದಲ್ಲಿ ಶೇಖರವಾಗುತ್ತದೆ. ನಿಮ್ಮ ಮಗುವಿಗೆ ಆದದ್ದೆಲ್ಲ ಈ ಅಂಟಿನಿಂದಲೇ. ಕಣ್ಣನ್ನು ಹೊರಗೆ ತಿರುಗಿಸುವ ನರ ಅದೇ ಬುಡದಲ್ಲಿ ಉದ್ದಕ್ಕೆ ಹಾದುಹೋಗುತ್ತದೆ. ಅದು ಸಿಕ್ಕಿಕೊಂಡರೆ, ಇಲ್ಲವೇ ತಲೆಯೊಳಗಿನ ಒತ್ತಡಕ್ಕೆ ಎಳೆದಂತಾದರೆ, ಕಣ್ಣು ಮೂಗಿನ ಕಡೆ ವಾಲುತ್ತದೆ. ಮಿದುಳಿನ ನೀರು ಹರಿದುಹೋಗುವ ದಾರಿ ಕಟ್ಟಿದರೆ ತಲೆಯಲ್ಲಿ ನೀರು ತುಂಬುತ್ತದೆ. ರಾತ್ರಿಯಿಡೀ ಮಲಗಿದ್ದಾಗ ಒತ್ತಡ ಏರುವುದರಿಂದ ವಾಂತಿ ಮುಂಜಾನೆಯೇ ಬರುತ್ತದೆ. ರಕ್ತನಾಳ ಉರಿದು ಮುಚ್ಚಿಕೊಂಡರೆ ಮಕ್ಕಳಿಗೂ ಲಕ್ವ ಹೊಡೆಯುತ್ತದೆ.

ಕಾಯಿಲೆ ಮೂರು ಹಂತಗಳಲ್ಲಿ ಸಾಗುತ್ತದೆ. ಎಡಿನ್‌ಬರೋದ ವೈದ್ಯ ರಾಬರ್ಟ್ ವಿಟ್ ಅವರ 1768ರಲ್ಲಿ ಪ್ರಕಟವಾದ ಬರಹದಲ್ಲಿಯೇ, ರೋಗಾಣುವಿನ ಸುಳಿವೇ ಇಲ್ಲದ ಕಾಲದಲ್ಲಿ, ಈ ಮೂರು ಹಂತಗಳ ವರ್ಣನೆ ಸಿಗುತ್ತದೆ. ಮೊದಲನೆಯದು ಮಂಕಿನ ಹಂತ: ಬಿಡದ ಸಣ್ಣ ಜ್ವರ, ಕಿರಿಕಿರಿ, ತಲೆನೋವು, ಹಸಿವಿಲ್ಲದಿರುವುದು, ತೂಕ ನಿಂತುಹೋಗುವುದು, ಆಟ ಬಿಡುವುದು. ಎಚ್ಚರ ಪೂರ್ತಿ ಇರುತ್ತದೆ. ಎರಡನೆಯದರಲ್ಲಿ ತೂಕಡಿಕೆ, ಕುತ್ತಿಗೆ ಬಿಗಿತ, ಮಾಲುಗಣ್ಣು, ಫಿಟ್ಸ್, ಒಂದು ಕೈ ಅಥವಾ ಕಾಲಿನ ಸೋಲು. ಮೂರನೆಯದರಲ್ಲಿ ಕರೆದರೂ ಕಣ್ಣು ತೆರೆಯದ ಸ್ಥಿತಿ. ಮೊದಲ ಹಂತ ಒಂದರಿಂದ ಮೂರು ವಾರ ಇರಬಹುದು. ಅಲ್ಲಿಂದ ಮುಂದೆ ಕೆಲವೇ ದಿನಗಳ ಆಟ. ಔಷಧ ಯಾವ ಹಂತದಲ್ಲಿ ಶುರುವಾಯಿತು ಎಂಬುದರ ಮೇಲೆ ಮಗುವಿನ ಮುಂದಿನ ಬದುಕು ನಿಂತಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯ ಪ್ರಕಾರ ಚಿಕಿತ್ಸೆ ಸಿಕ್ಕ ಮಕ್ಕಳಲ್ಲೂ ಐವರಲ್ಲಿ ಒಬ್ಬರು ಉಳಿಯಲಿಲ್ಲ. ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಏನಾದರೊಂದು ನ್ಯೂನತೆ ಉಳಿಯಿತು. ಆದರೆ ಮೊದಲ ಹಂತದಲ್ಲೇ ಔಷಧ ಸಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಗುಣವಾಗುತ್ತಾರೆ.

ಮಂಗನ ಕಾಯಿಲೆಗೆ ಪರೀಕ್ಷೆ ಮಾಡಿಸಿದ್ದು ತಪ್ಪಲ್ಲ. ಡಿಸೆಂಬರಿನಿಂದ ಮೇ ವರೆಗೆ ಸಿದ್ದಾಪುರದ ಕಡೆ ಜ್ವರ ಬಂದರೆ ಅದನ್ನು ನೋಡಲೇಬೇಕು. ತಡವಾಗಿದ್ದು ‘ಅದಲ್ಲ’ ಎಂದು ಬಂದ ಮೇಲೆ ‘ಹಾಗಾದರೆ ಯಾವುದು?’ ಎಂದು ಕೇಳದೆ ಇದ್ದಲ್ಲಿ. ಮಂಗನ ಕಾಯಿಲೆ ಒಮ್ಮೆಲೇ ಜೋರು ಜ್ವರ, ಮೈಕೈ ಮುರಿಯುವ ನೋವಿನೊಂದಿಗೆ ಎರಗುತ್ತದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮತ್ತೆ ಜ್ವರ ಬಂದು ತಲೆಗೇರುತ್ತದೆ. ಮಿದುಳಿನ ಕ್ಷಯದಲ್ಲಿ ಹಾಗೆ ನಡುವೆ ಬಿಡುವಿರುವುದಿಲ್ಲ, ದಿನದಿನಕ್ಕೂ ಮಗು ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಗುತ್ತದೆ. ಕಾರಣ ಸಿಗದ ಜ್ವರ ಏಳು ದಿನ ದಾಟಿ, ಜೊತೆಗೆ ಮುಂಜಾನೆಯ ವಾಂತಿ, ತಲೆನೋವು, ಮಂಕು ಇವುಗಳಲ್ಲಿ ಒಂದಿದ್ದರೂ ಮಕ್ಕಳ ತಜ್ಞರಿಗೆ ‘ಟಿಬಿ ಇರಬಹುದೇ?’ ಎಂದು ನೀವೇ ಬಾಯಿಬಿಟ್ಟು ಕೇಳಿ. ನೆತ್ತಿ ಇನ್ನೂ ಕೂಡದ ಕೂಸಾದರೆ, ಅಳದೆ ಕುಳಿತಿದ್ದಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದೆಯೇ ನೋಡಿ. ಬಾಲಗ್ರಹ, ದೃಷ್ಟಿ ಎಂದು ನೂಲು ಕಟ್ಟಿಸುವವರು ಕಟ್ಟಿಸಲಿ, ಆದರೆ ಅದಕ್ಕಾಗಿ ಒಂದು ದಿನವನ್ನೂ ಕಳೆಯಬೇಡಿ.

ಪ್ರಶ್ನೆ: ಹುಟ್ಟಿದಾಗ ಬಿಸಿಜಿ ಹಾಕಿಸಿದ್ದೇವೆ, ದೊಡ್ಡ ಮಗಳ ತೋಳಿನಲ್ಲಿ ಕಲೆಯೂ ಇದೆ. ಅವಳು ಸುರಕ್ಷಿತಳೇ? ಚಿಕ್ಕವನಿಗೆ ಕಲೆಯೇ ಬಿದ್ದಿಲ್ಲ, ಇನ್ನೊಮ್ಮೆ ಹಾಕಿಸಬೇಕೆ?
– ಕುಮಟಾದ ಓದುಗರು

ಉತ್ತರ: ಇನ್ನೊಮ್ಮೆ ಬೇಡ. ಕಲೆ ಬೀಳದಿದ್ದರೆ ಲಸಿಕೆ ಕೆಲಸ ಮಾಡಿಲ್ಲ ಎಂದರ್ಥವಲ್ಲ, ಮತ್ತೆ ಹಾಕಿಸಲು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದಿಲ್ಲ. ಲಸಿಕೆಯೇ ತಪ್ಪಿಹೋಗಿದ್ದರೆ ಮಾತ್ರ ಒಂದು ವರ್ಷ ತುಂಬುವುದರೊಳಗೆ ಹಾಕಿಸಬಹುದು. 1921ರಿಂದ ಬಳಕೆಯಲ್ಲಿರುವ ಬಿಸಿಜಿ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅಷ್ಟಾಗಿ ತಡೆಯುವುದಿಲ್ಲ. ಅದರ ನಿಜವಾದ ಬೆಲೆ ಇರುವುದು ಚಿಕ್ಕ ಮಕ್ಕಳ ಮಿದುಳಿನ ಕ್ಷಯ ಮತ್ತು ಮೈತುಂಬ ಹರಡುವ ಕ್ಷಯವನ್ನು ಬಹುಮಟ್ಟಿಗೆ ತಪ್ಪಿಸುವುದರಲ್ಲಿ. ಬಹುಮಟ್ಟಿಗೆ ಎಂದರೆ ಪೂರ್ತಿಯಾಗಿ ಅಲ್ಲ. ಹಾಗಾಗಿ ತೋಳಿನ ಕಲೆ ತೋರಿಸಿ ‘ಇವಳಿಗೆ ಟಿಬಿ ಬರಲಿಕ್ಕಿಲ್ಲ’ ಎನ್ನುವುದು ಸರಿಯಲ್ಲ.

ಪ್ರಶ್ನೆ: ನನ್ನ ಮೊಮ್ಮಗಳ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯಬೇಕು ಎನ್ನುತ್ತಿದ್ದಾರೆ. ಕಾಲು ಹೋಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಹೆದರಿಕೆ, ಮಗ ಸಹಿ ಮಾಡಲು ಒಪ್ಪುತ್ತಿಲ್ಲ. ತಲೆಯ ಸ್ಕ್ಯಾನ್ ಒಂದೇ ಸಾಲದೇ?
– ಕಾರವಾರದ ಓದುಗರು

ಉತ್ತರ: ಸಾಲದು. ಸ್ಕ್ಯಾನ್ ತೋರಿಸುವುದು ಹಾನಿಯನ್ನು: ಬುಡದ ಉರಿಯೂತ, ತುಂಬಿದ ನೀರು, ಲಕ್ವದ ಗುರುತು, ಗಂಟು. ಅದು ಯಾವ ರೋಗಾಣು ಎಂದು ಹೇಳಬಲ್ಲದ್ದು ಬೆನ್ನಿನ ನೀರು. ಮಿದುಳಿನ ಸುತ್ತಲಿನ ನೀರೇ ಬೆನ್ನಿನವರೆಗೂ ಇಳಿದಿರುತ್ತದೆ.

ಹೆದರಿಕೆ ಎಲ್ಲಿಂದ ಬಂತೆಂದು ಅರ್ಥವಾಗುತ್ತದೆ. ಕಾಯಿಲೆ ಜೋರಾದ ಮೇಲೆ ಈ ಪರೀಕ್ಷೆ ಮಾಡಿದ ಮಕ್ಕಳಲ್ಲಿ ಕೆಲವರಿಗೆ ಕಾಲು ಸೋತಿರುತ್ತದೆ. ಸೋಲಿಸಿದ್ದು ಕಾಯಿಲೆ, ಹೆಸರು ಸೂಜಿಗೆ ಬರುತ್ತದೆ. ಸೂಜಿ ಹೋಗುವುದು ಸೊಂಟದ ಮಟ್ಟದಲ್ಲಿ, ಮೂರನೇ–ನಾಲ್ಕನೇ ಅಥವಾ ನಾಲ್ಕನೇ–ಐದನೇ ಸೊಂಟದ ಮೂಳೆಗಳ ನಡುವೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಕೆಳಗಿರುವುದು ನೀರಿನಲ್ಲಿ ತೇಲುವ ನರದ ಎಳೆಗಳು, ಸೂಜಿ ಬಂದಾಗ ಅವು ಪಕ್ಕಕ್ಕೆ ಸರಿಯುತ್ತವೆ. ಮಗುವನ್ನು ಮಗ್ಗುಲಾಗಿ, ಮೊಣಕಾಲು ಎದೆಗೆ ತಾಗುವಂತೆ ಮಡಚಿ ಹಿಡಿಯುತ್ತಾರೆ. ಚರ್ಮ ಮರಗಟ್ಟಿಸುವ ಔಷಧ ಕೊಟ್ಟು ಕೆಲವು ಮಿಲಿಲೀಟರ್ ನೀರನ್ನು ಹನಿಹನಿಯಾಗಿ ಸೀಸೆಗೆ ಹಿಡಿಯುತ್ತಾರೆ. ಆ ನೀರನ್ನು ದೇಹ ಕೆಲವೇ ಗಂಟೆಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮಗು ತೀರಾ ಮಂಪರಿನಲ್ಲಿದ್ದರೆ, ಒಂದು ಬದಿ ಸೋತಿದ್ದರೆ, ಮೊದಲು ಸ್ಕ್ಯಾನ್ ಮಾಡಿ ಆಮೇಲೆ ಸೂಜಿ. ಒಳಗೆ ದೊಡ್ಡ ಗಂಟೋ ತೀವ್ರ ಒತ್ತಡವೋ ಇದ್ದಾಗ ಕೆಳಗಿನಿಂದ ನೀರು ತೆಗೆದರೆ ಮಿದುಳು ಕೆಳಕ್ಕೆ ಜಾರುವ ಅಪಾಯ ಇರುವುದರಿಂದ ಈ ಎಚ್ಚರ. ‘ಮೊದಲು ಸ್ಕ್ಯಾನ್ ಬೇಕೇ?’ ಎಂದು ನಿಮ್ಮ ಮಗ ವೈದ್ಯರನ್ನು ಕೇಳಲಿ, ಅದು ನ್ಯಾಯವಾದ ಪ್ರಶ್ನೆ. ಉತ್ತರ ಸಿಕ್ಕ ಮೇಲೆ ಸಹಿ ಮಾಡಲಿ.

ಕ್ಷಯದಲ್ಲಿ ಆ ನೀರು ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ ಅಥವಾ ತುಸು ಹಳದಿ. ಇಟ್ಟರೆ ಜೇಡರ ಬಲೆಯಂಥ ತೆಳು ಪದರ ಕಟ್ಟುವುದುಂಟು. ಸಾಮಾನ್ಯ ಬ್ಯಾಕ್ಟೀರಿಯಾದ ಮಿದುಳು ಜ್ವರದಲ್ಲಾದರೆ ಕೀವಿನಂತೆ ಕದಡಿರುತ್ತದೆ. ಕ್ಷಯದಲ್ಲಿ ಬಿಳಿ ಕಣಗಳು ಒಂದು ಘನ ಮಿಲಿಮೀಟರಿಗೆ ಹೆಚ್ಚಾಗಿ 50ರಿಂದ 500ರ ನಡುವೆ, ಅವುಗಳಲ್ಲಿ ಲಿಂಫೋಸೈಟು ಎಂಬ ಬಗೆಯವೇ ಹೆಚ್ಚು. ಪ್ರೋಟೀನು ಡೆಸಿಲೀಟರಿಗೆ 100 ಮಿಲಿಗ್ರಾಂ ದಾಟಿರುತ್ತದೆ, ಸಕ್ಕರೆ ರಕ್ತದಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಹೋಲಿಸುವುದಕ್ಕಾಗಿ ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆಯನ್ನೂ ನೋಡುತ್ತಾರೆ.

ಪ್ರಶ್ನೆ: ಬೆನ್ನುನೀರಿನ ಜೀನ್‌ಎಕ್ಸ್‌ಪರ್ಟ್ (ರೋಗಾಣುವಿನ ವಂಶವಾಹಿ ಹುಡುಕುವ ಪರೀಕ್ಷೆ) ರಿಪೋರ್ಟ್ ನೆಗೆಟಿವ್ ಬಂತು. ಕೈಯ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟು ಪರೀಕ್ಷೆಯೂ ನೆಗೆಟಿವ್. ಆದರೂ ಟಿಬಿ ಔಷಧ ಶುರು ಮಾಡಿದ್ದಾರೆ. ಇಲ್ಲದ ಕಾಯಿಲೆಗೆ ವರ್ಷಗಟ್ಟಲೆ ಔಷಧ ಕೊಡುತ್ತಿದ್ದಾರೆಯೇ?
– ಅಂಕೋಲಾದ ಓದುಗರು

ಉತ್ತರ: ವೈದ್ಯರು ಸರಿಯಾಗಿಯೇ ಮಾಡಿದ್ದಾರೆ. ಕಫದಲ್ಲಿ ಲಕ್ಷಗಟ್ಟಲೆ ರೋಗಾಣು ಇರಬಹುದು, ಬೆನ್ನುನೀರಿನಲ್ಲಿ ಬೆರಳೆಣಿಕೆಯಷ್ಟು. ಒಂದು ಮಿಲಿಲೀಟರ್ ನೀರು ಕಳಿಸಿದರೆ ಅದರಲ್ಲಿ ಒಂದೂ ಸಿಗದಿರಬಹುದು. ಜೀನ್‌ಎಕ್ಸ್‌ಪರ್ಟ್ ‘ಇದೆ’ ಎಂದರೆ ಇದೆ, ‘ಇಲ್ಲ’ ಎಂದರೆ ಇಲ್ಲವೆಂದಲ್ಲ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಆರು ವಾರದವರೆಗೆ ಬೇಕು. ಈ ಕಾಯಿಲೆ ಅಷ್ಟು ದಿನ ಕಾಯುವುದಿಲ್ಲ. ಮಾಂಟು ಪರೀಕ್ಷೆಯೂ ಮಿದುಳಿನ ಕ್ಷಯವಿರುವ ಎಷ್ಟೋ ಮಕ್ಕಳಲ್ಲಿ, ಅದರಲ್ಲೂ ಸೊರಗಿದವರಲ್ಲಿ, ಸುಳ್ಳು ನೆಗೆಟಿವ್ ತೋರಿಸುತ್ತದೆ.

ಹಾಗಾಗಿ ವೈದ್ಯರು ಹಲವು ಸುಳಿವು ಕೂಡಿಸಿ ನಿರ್ಧರಿಸುತ್ತಾರೆ: ಜ್ವರದ ದಿನಗಳು, ಬೆನ್ನುನೀರಿನ ಲೆಕ್ಕ, ಸ್ಕ್ಯಾನ್, ಎದೆಯ ಎಕ್ಸ್‌ರೇ, ಮನೆಯಲ್ಲಿ ಕ್ಷಯದ ರೋಗಿ. ಚಿಕ್ಕ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ. ಆದ್ದರಿಂದ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಹಾಸಿಗೆಯಿಂದ ಏಳಿಸುವ ಮೊದಲೇ, ಮೂಗಿನ ನಳಿಕೆಯಿಂದ ಹೊಟ್ಟೆಯ ದ್ರವ ತೆಗೆದು ಪರೀಕ್ಷಿಸುವುದುಂಟು. ಆ ಪರೀಕ್ಷೆ ಆಗಿದೆಯೇ ಕೇಳಿ. ಸಿಕ್ಕರೆ ಔಷಧಕ್ಕೆ ಜಗ್ಗದ ತಳಿಯೇ ಎಂಬುದೂ ಗೊತ್ತಾಗುತ್ತದೆ. ಬೆನ್ನುನೀರಿನ ಕಲ್ಚರ್ ವರದಿಯನ್ನೂ ಎಂಟನೇ ವಾರದಲ್ಲಿ ಮರೆಯದೆ ವಿಚಾರಿಸಿ. ಬೇರೆ ಊರಿನ ಆಸ್ಪತ್ರೆಯಲ್ಲಿ ಕಳಿಸಿದ್ದಾದರೆ ಅದು ತಾನಾಗಿ ನಿಮ್ಮ ಮನೆಗೆ ಬರುವುದಿಲ್ಲ.

ಪ್ರಶ್ನೆ: ಎರಡು ವರ್ಷದ ಮಗಳು, 11 ಕೆಜಿ. ಮಿದುಳಿನ ಟಿಬಿಗೆ ಚಿಕಿತ್ಸೆ ಶುರುವಾಗಿ ಮನೆಗೆ ಕಳಿಸಿದ್ದಾರೆ. ಮಾತ್ರೆ, ಸ್ಟೀರಾಯ್ಡ್, ಫಿಟ್ಸಿನ ಸಿರಪ್ ಎಂದು ರಾಶಿ ಔಷಧ. ಅರ್ಧ ವಾಂತಿಯಾಗುತ್ತದೆ, ಮೂತ್ರ ಕೆಂಪಾಗಿದೆ. ಹೇಗೆ ಕೊಡುವುದು, ಯಾವುದಕ್ಕೆ ಹೆದರಬೇಕು? ಮಳೆಗಾಲದಲ್ಲಿ ನಮ್ಮೂರಿಗೆ ಬಸ್ಸು ಸರಿಯಾಗಿ ಬರುವುದಿಲ್ಲ.
– ಹೊನ್ನಾವರದ ಓದುಗರು

ಉತ್ತರ: ಮೂತ್ರ ಕಿತ್ತಳೆ–ಕೆಂಪಾಗುವುದು ರಿಫಾಂಪಿಸಿನ್ ಎಂಬ ಔಷಧದ ಬಣ್ಣದಿಂದ. ಕಣ್ಣೀರು, ಬೆವರಿಗೂ ಆ ಬಣ್ಣ ಬರಬಹುದು. ಹೆದರಬೇಡಿ. ಆದರೆ ಇದರಿಂದ ಒಂದು ತೊಂದರೆಯಿದೆ: ಕಾಮಾಲೆಯಾದರೆ ಮೂತ್ರ ನೋಡಿ ತಿಳಿಯುವುದಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ಕಣ್ಣಿನ ಬಿಳಿಭಾಗ ನೋಡಿ. ಅದು ಹಳದಿಯಾದರೆ, ಅಥವಾ ಹಸಿವು ಪೂರ್ತಿ ಹೋಗಿ ಮತ್ತೆ ಮತ್ತೆ ವಾಂತಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೆಲನೆಲ್ಲಿ ಕಷಾಯ ಕೊಟ್ಟು ಮನೆಯಲ್ಲಿ ಕಾಯಬೇಡಿ. ಯಕೃತ್ತಿಗೆ ಭಾರವಾಗುವ ಔಷಧಗಳನ್ನು ವೈದ್ಯರು ತಡೆಹಿಡಿದು, ರಕ್ತಪರೀಕ್ಷೆ ನೋಡಿ, ಒಂದೊಂದಾಗಿ ಮತ್ತೆ ಶುರು ಮಾಡಬೇಕಾಗುತ್ತದೆ.

ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಮಕ್ಕಳಿಗೆ ನೀರಿನಲ್ಲಿ ಕರಗುವ ಮಾತ್ರೆಯಿದೆ. ಒಂದು ಮಾತ್ರೆಯಲ್ಲಿ ಐಸೋನಿಯಾಜಿಡ್ 50, ರಿಫಾಂಪಿಸಿನ್ 75, ಪೈರಾಜಿನಮೈಡ್ 150 ಮಿಲಿಗ್ರಾಂ ಸೇರಿರುತ್ತವೆ. ಜೊತೆಗೆ ಎಥಾಂಬುಟಾಲ್ 100 ಮಿಲಿಗ್ರಾಂ ಬೇರೆ ಮಾತ್ರೆ. 4ರಿಂದ 7 ಕೆಜಿಗೆ ಎರಡರಲ್ಲೂ ಒಂದೊಂದು, 8ರಿಂದ 11 ಕೆಜಿಗೆ ಎರಡೆರಡು, 12ರಿಂದ 15ಕ್ಕೆ ಮೂರು ಮೂರು, 16ರಿಂದ 24ಕ್ಕೆ ನಾಲ್ಕು ನಾಲ್ಕು. ನಿಮ್ಮ ಮಗಳು 11 ಕೆಜಿಯಲ್ಲಿ, ಅಂಚಿನಲ್ಲೇ ಇದ್ದಾಳೆ. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿಸಿ, 12 ಮುಟ್ಟಿದ ಕೂಡಲೇ ಆಸ್ಪತ್ರೆಯವರಿಗೆ ಹೇಳಿ. ಮಗು ಚೇತರಿಸಿಕೊಂಡು ತೂಕ ಏರಿದರೂ ಔಷಧ ಹಳೆಯ ಲೆಕ್ಕದಲ್ಲೇ ನಿಂತುಬಿಡುವುದು ತುಂಬ ಕಡೆ ಆಗುವ ತಪ್ಪು. ಮಾತ್ರೆಯ ಸಂಖ್ಯೆಯನ್ನು ಮಾತ್ರ ಮನೆಯಲ್ಲೇ ಬದಲಿಸಬೇಡಿ.

ಕೊಡುವ ಕ್ರಮ: ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ತಿಂಡಿಗೆ ಒಂದು ಗಂಟೆ ಮುಂಚೆ. ಸಣ್ಣ ಲೋಟದಲ್ಲಿ ಎರಡು ಮೂರು ಚಮಚ ಕಾಯಿಸಿ ಆರಿಸಿದ ನೀರು ಹಾಕಿ ಮಾತ್ರೆ ಕರಗಿಸಿ, ಕೂಡಲೇ ಕುಡಿಸಿ. ಲೋಟದ ತಳಕ್ಕೆ ಇನ್ನೊಂದು ಚಮಚ ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿಸಿ, ಇಲ್ಲದಿದ್ದರೆ ಔಷಧದ ಒಂದು ಪಾಲು ಲೋಟದಲ್ಲೇ ಉಳಿಯುತ್ತದೆ. ರಾತ್ರಿಯೇ ಕರಗಿಸಿಡುವುದು, ಬಾಟಲಿಯ ಹಾಲಿಗೆ ಬೆರೆಸುವುದು ಬೇಡ. ಕೊಟ್ಟ ಅರ್ಧ ಗಂಟೆಯೊಳಗೆ ಎಲ್ಲ ವಾಂತಿಯಾದರೆ ಸಾಮಾನ್ಯವಾಗಿ ಮತ್ತೆ ಕೊಡಲು ಹೇಳುತ್ತಾರೆ. ಆದರೆ ಮಿದುಳಿನ ಕ್ಷಯದ ಮಗುವಿನಲ್ಲಿ ವಾಂತಿ ಹೊಟ್ಟೆಯಿಂದಲೇ ಬರಬೇಕೆಂದಿಲ್ಲ, ತಲೆಯ ಒತ್ತಡದಿಂದಲೂ ಬರಬಹುದು, ಯಕೃತ್ತಿನ ತೊಂದರೆಯೂ ಆಗಿರಬಹುದು. ವಾಂತಿ ದಿನಾ ಆಗುತ್ತಿದ್ದರೆ ಮತ್ತೆ ಮತ್ತೆ ಮಾತ್ರೆ ಕೊಡುತ್ತ ಕೂರದೆ ವೈದ್ಯರಿಗೆ ತೋರಿಸಿ. ಪೈರಿಡಾಕ್ಸಿನ್ ಎಂಬ ಬಿ6 ಜೀವಸತ್ವದ ಮಾತ್ರೆ ದಿನಕ್ಕೆ 10 ಮಿಲಿಗ್ರಾಂ ಬರೆದುಕೊಟ್ಟಿದ್ದರೆ ‘ವಿಟಮಿನ್ ತಾನೇ’ ಎಂದು ಬಿಡಬೇಡಿ. ಐಸೋನಿಯಾಜಿಡ್‌ನಿಂದ ನರಗಳಿಗೆ ತೊಂದರೆಯಾಗದಂತೆ ಕೊಡುವುದು ಅದನ್ನೇ.

ಸ್ಟೀರಾಯ್ಡ್ ಬಗ್ಗೆ ಭಯಪಟ್ಟು ನಿಲ್ಲಿಸುವವರೇ ಹೆಚ್ಚು. ಆ ಅಂಟಿನಂಥ ಉರಿಯೂತವನ್ನು ತಗ್ಗಿಸಿ ಜೀವ ಉಳಿಸುವುದರಲ್ಲಿ ಅದರ ಪಾಲು ದೊಡ್ಡದು. ಸಾಮಾನ್ಯವಾಗಿ ಸುಮಾರು 4 ವಾರ ಪೂರ್ತಿ ಪ್ರಮಾಣ, ನಂತರ 2ರಿಂದ 4 ವಾರಗಳಲ್ಲಿ ಮೆಟ್ಟಿಲಿಳಿದಂತೆ ಕಡಿಮೆ ಮಾಡುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ಉರಿಯೂತ ಮರುಕಳಿಸುತ್ತದೆ. ಅಷ್ಟೇ ಅಲ್ಲ, ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಕೂಡ ಆ ಹೊತ್ತಿಗೆ ನಿಂತಿರುವುದರಿಂದ ಮಗು ಕುಸಿದುಬೀಳಬಹುದು. ಇದನ್ನು ತಿಂಡಿಯ ಮೇಲೆ ಕೊಡಿ. ಮುಖ ಊದುವುದು, ವಿಪರೀತ ಹಸಿವು ತಾತ್ಕಾಲಿಕ. ಈ ಅವಧಿಯಲ್ಲಿ ಅಕ್ಕಪಕ್ಕ ಯಾರಿಗಾದರೂ ಸಿಡುಬಿನಂಥ ಗುಳ್ಳೆ, ದಡಾರ ಬಂದರೆ ವೈದ್ಯರಿಗೆ ತಿಳಿಸಿ. ದಡಾರದ ಲಸಿಕೆಯ ದಿನ ಬಂದಿದ್ದರೂ ಮೊದಲು ಕೇಳಿ.

ಫಿಟ್ಸಿನ ಔಷಧ ಫೆನಿಟಾಯಿನ್ ಆಗಿದ್ದರೆ ಒಂದು ಸಂಗತಿ ಗೊತ್ತಿರಲಿ. ಐಸೋನಿಯಾಜಿಡ್ ಅದನ್ನು ರಕ್ತದಲ್ಲಿ ಏರಿಸಬಲ್ಲದು. ಆಗ ಮಗು ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ತೂಕಡಿಸುತ್ತದೆ. ಕಾಯಿಲೆ ಹೆಚ್ಚಾಯಿತೆಂದು ಕಾಣುವ ಇದು ಪ್ರಮಾಣ ಸರಿಪಡಿಸಿದರೆ ಹೋಗುತ್ತದೆ. ವಾಲ್ಪ್ರೋಯೇಟ್, ಕಾರ್ಬಮಜೆಪಿನ್‌ಗಳ ಬಲವನ್ನು ರಿಫಾಂಪಿಸಿನ್ ತಗ್ಗಿಸಬಲ್ಲದು. ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108.

ಎಥಾಂಬುಟಾಲ್ ಅಪರೂಪಕ್ಕೆ ದೃಷ್ಟಿಗೆ ತೊಂದರೆ ಕೊಡುತ್ತದೆ. ಎರಡು ವರ್ಷದ ಮಗು ಅದನ್ನು ಹೇಳಲಾರದು. ಕೈಗೆ ಕೊಟ್ಟ ಸಣ್ಣ ವಸ್ತುವನ್ನು ತಡವರಿಸದೆ ಹಿಡಿಯುತ್ತಾಳೆಯೇ, ಸಾಮಾನಿಗೆ ಎಡವುತ್ತಾಳೆಯೇ ಗಮನಿಸಿ. ದೃಷ್ಟಿ ಕುಂದುವುದು ಕಾಯಿಲೆಯಿಂದಲೂ ಆಗಬಹುದಾದ್ದರಿಂದ ಯಾವುದೇ ಅನುಮಾನ ಬಂದರೂ ಮರುದಿನಕ್ಕೆ ಮುಂದೂಡಬೇಡಿ.

ಅವಧಿ ಒಟ್ಟು 12 ತಿಂಗಳು. ಮೊದಲ 2 ತಿಂಗಳು ನಾಲ್ಕು ಔಷಧ, ಆಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು 10 ತಿಂಗಳು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, ಔಷಧಕ್ಕೆ ಜಗ್ಗುವ ಕ್ಷಯಕ್ಕೆ, 6 ತಿಂಗಳ ತೀವ್ರ ಚಿಕಿತ್ಸೆಯೊಂದನ್ನು ಬದಲಿಯಾಗಿ ಹೇಳಿದೆ. ಆದರೆ ಅದರ ಔಷಧ, ಪ್ರಮಾಣಗಳೇ ಬೇರೆ. ಅದನ್ನು ಕೇಳಿ ನಿಮ್ಮ ಔಷಧವನ್ನು ಆರನೇ ತಿಂಗಳಿಗೆ ನಿಲ್ಲಿಸುವಂತಿಲ್ಲ. ಮಗು ಎರಡನೇ ತಿಂಗಳಿಗೇ ಓಡಾಡತೊಡಗುತ್ತದೆ. ಔಷಧ ಬಿಟ್ಟುಹೋಗುವುದು ಆ ಸಮಾಧಾನದಲ್ಲಿಯೇ.

ಮಳೆಗಾಲಕ್ಕೆ: ಮೇ ಕೊನೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಕ್ಷಯ ವಿಭಾಗದವರೊಂದಿಗೆ ಮಾತಾಡಿ, ಹೆಚ್ಚುವರಿ ದಾಸ್ತಾನು ಕೇಳಿ. ಆಶಾ ಕಾರ್ಯಕರ್ತೆಯ ಮೂಲಕ ತರಿಸಿಕೊಳ್ಳಬಹುದು. ಕರಾವಳಿಯ ಮಳೆಗಾಲದ ಥಂಡಿಗೆ ಮಾತ್ರೆ ಬೇಗ ಕೆಡುತ್ತದೆ. ಹಾಳೆಯಿಂದ ಬಿಡಿಸಿ ಡಬ್ಬಿಗೆ ತುಂಬದೆ, ಹಾಳೆಯ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೊಗೆಗೂಡಿನ ಮೇಲೆ, ಒಲೆಯ ಹತ್ತಿರ ಬೇಡ. ನಿಕ್ಷಯ್ (ಕ್ಷಯ ರೋಗಿಗಳ ಸರ್ಕಾರಿ ದಾಖಲೆ) ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದಿದ್ದರೆ ಬೇರೆ ಊರಿನಲ್ಲೂ ಔಷಧ ಸಿಗುತ್ತದೆ, ಪೋಷಣೆಗಾಗಿ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ (2024ರ ನವೆಂಬರ್‌ಗೆ ಮುಂಚೆ ಇದು 500 ಇತ್ತು). ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರಿಗೂ ಇದು ಅನ್ವಯಿಸುತ್ತದೆ. ಉಚಿತ ಸಹಾಯವಾಣಿ 1800-11-6666.

ಪ್ರಶ್ನೆ: ಏಳು ವರ್ಷದ ಮಗನಿಗೆ ಒಂದು ಸಲ ಫಿಟ್ಸ್ ಬಂತು. ಸ್ಕ್ಯಾನಿನಲ್ಲಿ ಉಂಗುರದಂಥ ಒಂದು ಗಂಟು. ಒಬ್ಬ ಡಾಕ್ಟರು ಹುಳದ ಗಂಟು ಎನ್ನುತ್ತಾರೆ, ಇನ್ನೊಬ್ಬರು ಟಿಬಿ ಗಂಟು ಇರಬಹುದು ಎನ್ನುತ್ತಾರೆ. ನಾವು ಮಾಂಸ ಮುಟ್ಟದವರು, ಹಂದಿಯ ಹುಳ ಹೇಗೆ ಬರುತ್ತದೆ?
– ಶಿರಸಿಯ ಓದುಗರು

ಉತ್ತರ: ಬರುತ್ತದೆ, ಸಸ್ಯಾಹಾರಿಗಳಿಗೂ ಬರುತ್ತದೆ. ಹಂದಿಮಾಂಸ ತಿಂದವರ ಹೊಟ್ಟೆಯಲ್ಲಿ ಬೆಳೆಯುವುದು ಲಾಡಿಹುಳ. ಅವರ ಮಲದಲ್ಲಿ ಹೊರಬಿದ್ದ ಮೊಟ್ಟೆ ನೀರು, ಸೊಪ್ಪು, ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರಿದರೆ ಅವರ ಮಿದುಳಿನಲ್ಲಿ ಗಂಟಾಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಗಜ್ಜರಿಯನ್ನು ಸರಿಯಾಗಿ ತೊಳೆಯದಿದ್ದರೆ ಸಾಕು.

ಎರಡನ್ನೂ ಬೇರ್ಪಡಿಸಲು ಕೆಲವು ಗುರುತುಗಳಿವೆ. ಹುಳದ ಗಂಟು ಸಾಮಾನ್ಯವಾಗಿ 20 ಮಿಲಿಮೀಟರಿಗಿಂತ ಚಿಕ್ಕದು, ಅಂಚು ನುಣುಪು, ಒಳಗೆ ಒಂದು ಬದಿಗೆ ಚುಕ್ಕೆ ಕಂಡರೆ ಅದು ಹುಳದ ತಲೆ. ಅಷ್ಟು ಕಂಡರೆ ಹೆಚ್ಚು ಕಡಿಮೆ ಖಚಿತ. ಮಗು ಫಿಟ್ಸಿನ ಹೊರತು ಆರಾಮಾಗಿರುತ್ತದೆ. ಕ್ಷಯದ ಗಂಟು ಹೆಚ್ಚಾಗಿ 20 ಮಿಲಿಮೀಟರ್ ದಾಟುತ್ತದೆ, ಅಂಚು ಒರಟು, ಸುತ್ತ ಊತ ಜಾಸ್ತಿ, ಹಲವು ಗಂಟುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಮಗುವಿಗೆ ಜ್ವರ, ತೂಕ ಇಳಿಕೆ, ಎದೆಯ ಎಕ್ಸ್‌ರೇಯಲ್ಲಿ ದೋಷ, ಮನೆಯಲ್ಲಿ ಕ್ಷಯ, ಇವುಗಳಲ್ಲಿ ಯಾವುದಾದರೂ ಜೊತೆಗಿರುವುದುಂಟು. ಎಂಆರ್‌ಐಯಲ್ಲಿ ಗಂಟಿನೊಳಗಿನ ರಾಸಾಯನಿಕ ನೋಡುವ ವಿಧಾನವಿದೆ. ಅದರಲ್ಲಿ ಕೊಬ್ಬಿನ ಅಂಶ ಎದ್ದು ಕಂಡರೆ ಕ್ಷಯದ ಕಡೆಗೆ ತೂಗುತ್ತದೆ.

ಮಗ ಆರಾಮಾಗಿದ್ದು, ಒಂದೇ ಚಿಕ್ಕ ಗಂಟು ಇದ್ದು, ಕ್ಷಯದ ಬೇರೆ ಯಾವ ಸುಳಿವೂ ಇಲ್ಲದಿದ್ದರೆ, ಅನುಮಾನದ ಮೇಲೆಯೇ ವರ್ಷದ ಕ್ಷಯ ಔಷಧ ಶುರು ಮಾಡುವ ಅವಸರ ಬೇಡ. ಫಿಟ್ಸಿನ ಔಷಧ ತಪ್ಪಿಸದೆ ಕೊಟ್ಟು, ಎರಡು ಮೂರು ತಿಂಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ ಹೋಲಿಸುವುದು ಒಪ್ಪಿತ ಕ್ರಮ. ಈ ಒಂದು ಸಂದರ್ಭದಲ್ಲಿ ಮಾತ್ರ ಕಾಯಬಹುದು. ಜ್ವರ, ವಾಂತಿ, ಮಂಕು ಇರುವ ಮಗುವಿಗೆ ಈ ಮಾತು ಸಲ್ಲದು. ಜಂತುಹುಳಕ್ಕೆ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡಿ. ಹುಳ ಸಾಯುವಾಗ ಸುತ್ತ ಊತ ಏರುತ್ತದೆ, ಆದ್ದರಿಂದ ಸ್ಟೀರಾಯ್ಡ್ ಜೊತೆಗೆ, ವೈದ್ಯರ ಕಣ್ಣಳತೆಯಲ್ಲಿಯೇ ಅದನ್ನು ಕೊಡಬೇಕು.

ಪ್ರಶ್ನೆ: ಮೂರು ತಿಂಗಳು ಒಂದು ದಿನವೂ ತಪ್ಪದೆ ಔಷಧ ಕೊಟ್ಟೆವು. ಈಗಿನ ಸ್ಕ್ಯಾನಿನಲ್ಲಿ ಗಂಟು ದೊಡ್ಡದಾಗಿದೆ, ಹೊಸದೊಂದೂ ಬಂದಿದೆ. ಔಷಧ ಸೋತಿತೇ?
– ಭಟ್ಕಳದ ಓದುಗರು

ಉತ್ತರ: ಬಹುಶಃ ಇಲ್ಲ. ಔಷಧದಿಂದ ಸತ್ತ ರೋಗಾಣುವಿನ ಚೂರುಗಳ ಮೇಲೆ ಚೇತರಿಸಿಕೊಂಡ ದೇಹವೇ ಮುಗಿಬಿದ್ದಾಗ ಗಂಟು ಕೆಲಕಾಲ ಹಿಗ್ಗುತ್ತದೆ. ಮೊದಲ ಕೆಲವು ತಿಂಗಳಲ್ಲಿ ಇದು ಆಗುವುದುಂಟು. ಸ್ಟೀರಾಯ್ಡ್ ಇಳಿಸುತ್ತಿರುವ ಹೊತ್ತಿನಲ್ಲಿ ಹೆಚ್ಚು. ಕ್ಷಯದ ಔಷಧವನ್ನು ಹಾಗೆಯೇ ಮುಂದುವರಿಸಿ, ಸ್ಟೀರಾಯ್ಡನ್ನು ಮತ್ತೆ ಏರಿಸುವುದು ಇದಕ್ಕೆ ದಾರಿ. ಆದರೆ ಇದು ಔಷಧಕ್ಕೆ ಜಗ್ಗದ ಕ್ಷಯವೇ ಎಂಬುದನ್ನು ಮೊದಲು ತಳ್ಳಿಹಾಕಬೇಕು. ಹಳೆಯ ಕಲ್ಚರ್ ವರದಿ ಹುಡುಕಿ ತನ್ನಿ, ಮನೆಯಲ್ಲಿ ಯಾರಿಗಾದರೂ ಅಂಥ ಕ್ಷಯವಿದೆಯೇ ಹೇಳಿ. ಇನ್ನೂ ಅಪರೂಪಕ್ಕೆ ಗಂಟಿನ ಬದಲು ಕೀವಿನ ಬಾವು ಆಗಿರುತ್ತದೆ. ಕೀವಿನಲ್ಲಿ ಜೀವಂತ ರೋಗಾಣು ತುಂಬಿರುವುದರಿಂದ ಔಷಧವೊಂದೇ ಸಾಲದೆ, ನರಶಸ್ತ್ರಚಿಕಿತ್ಸಕರು ಅದನ್ನು ಹೊರತೆಗೆಯಬೇಕಾಗಬಹುದು. ಎರಡು ಸಲದ ಸ್ಕ್ಯಾನಿನ ಫಿಲಂಗಳನ್ನೂ, ಸಿಡಿಗಳನ್ನೂ ಒಟ್ಟಿಗೆ ಒಯ್ಯಿರಿ. ವರದಿಯ ಕಾಗದವೊಂದನ್ನೇ ನೋಡಿ ಹೋಲಿಸಲು ಬರುವುದಿಲ್ಲ.

ಪ್ರಶ್ನೆ: ತಲೆಯ ನೀರು ಹೊಟ್ಟೆಗೆ ಹೋಗುವಂತೆ ಮಗುವಿಗೆ ನಳಿಕೆ ಹಾಕಿದ್ದಾರೆ. ಅದು ಕಟ್ಟಿಕೊಂಡರೆ ಹೇಗೆ ಗೊತ್ತಾಗುತ್ತದೆ?
– ಯಲ್ಲಾಪುರದ ಓದುಗರು

ಉತ್ತರ: ಮೊದಲಿದ್ದ ಲಕ್ಷಣಗಳೇ ಮರಳಿ ಬರುತ್ತವೆ: ಮುಂಜಾನೆಯ ವಾಂತಿ, ತಲೆನೋವು, ತೂಕಡಿಕೆ, ಕಣ್ಣು ಮೇಲೆತ್ತಲಾಗದಿರುವುದು, ಕೂಸಾದರೆ ಉಬ್ಬಿದ ನೆತ್ತಿ. ಹೀಗಾದರೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ನರಶಸ್ತ್ರಚಿಕಿತ್ಸಕರಿರುವಲ್ಲಿಗೇ ನೇರವಾಗಿ ಹೋಗಿ. ಯಲ್ಲಾಪುರಕ್ಕೆ ಹುಬ್ಬಳ್ಳಿ ಹತ್ತಿರ. ಜ್ವರ, ನಳಿಕೆಯ ಹಾದಿಯ ಚರ್ಮ ಕೆಂಪಾಗುವುದು, ಹೊಟ್ಟೆನೋವು ಕಂಡರೆ ನಳಿಕೆಗೆ ಸೋಂಕು ತಗಲಿರಬಹುದು. ಗುಂಡಿಯಂತೆ ಕೈಗೆ ಸಿಗುವ ಭಾಗವನ್ನು ಒತ್ತಿ ಪರೀಕ್ಷಿಸಲು ಹೋಗಬೇಡಿ.

ಪ್ರಶ್ನೆ: ನನ್ನ ಗಂಡ ಬೋಟಿನಲ್ಲಿ ಖಲಾಸಿ. ಮೀನುಗಾರಿಕೆ ಬಂದಾದ ಮೇಲೆ ಜೂನ್‌ನಲ್ಲಿ ಮನೆಗೆ ಬಂದಾಗಿಂದ ಕೆಮ್ಮು, ಈಗ ಕಫದಲ್ಲಿ ಟಿಬಿ ಎಂದು ಬಂದಿದೆ. ಮನೆಯಲ್ಲಿ ನಾಲ್ಕು ವರ್ಷದ ಮಗ, ಎದೆಹಾಲು ಕುಡಿಯುವ ಮಗು. ಮಕ್ಕಳನ್ನು ತವರಿಗೆ ಕಳಿಸಲೇ? ಹಾಲು ಬಿಡಿಸಲೇ?
– ಕಾರವಾರದ ಬೈತಕೋಲದ ಓದುಗರು

ಉತ್ತರ: ಹಾಲು ಬಿಡಿಸಬೇಡಿ. ಎದೆಹಾಲಿನಿಂದ ಕ್ಷಯ ಬರುವುದಿಲ್ಲ. ತವರಿಗೆ ಕಳಿಸುವುದಕ್ಕಿಂತ ಮೊದಲು ಇಬ್ಬರನ್ನೂ ಈ ವಾರವೇ ಪರೀಕ್ಷೆಗೆ ಒಯ್ಯಿರಿ. ಜೂನ್‌ನಿಂದ ಒಂದೇ ಕೋಣೆಯಲ್ಲಿ ಮಲಗಿದ ಮಕ್ಕಳ ಉಸಿರಿಗೆ ರೋಗಾಣು ಆಗಲೇ ಸೇರಿರಬಹುದು. ಮಕ್ಕಳನ್ನು ದೂರ ಕಳಿಸಿ ಪರೀಕ್ಷೆ ಮರೆತರೆ ಕಾಯಿಲೆ ಅಲ್ಲಿ ಏಳುತ್ತದೆ, ಮತ್ತು ಅಲ್ಲಿನವರಿಗೆ ಅಪ್ಪನ ಕೆಮ್ಮಿನ ಸುದ್ದಿಯೇ ಗೊತ್ತಿರುವುದಿಲ್ಲ.

ವೈದ್ಯರು ಜ್ವರ, ತೂಕ, ಕುತ್ತಿಗೆಯ ಗಂಟುಗಳನ್ನು ನೋಡುತ್ತಾರೆ, ಬೇಕಾದರೆ ಎಕ್ಸ್‌ರೇ ತೆಗೆಸುತ್ತಾರೆ. ಕಾಯಿಲೆ ಇಲ್ಲವೆಂದಾದರೆ ಐದು ವರ್ಷದೊಳಗಿನ ಮಕ್ಕಳಿಗೆ ತಡೆ ಚಿಕಿತ್ಸೆ: ಐಸೋನಿಯಾಜಿಡ್ ಒಂದೇ ಔಷಧ, ತೂಕದ ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ, ದಿನಕ್ಕೊಮ್ಮೆ, 6 ತಿಂಗಳು. ಉಚಿತವಾಗಿಯೇ ಸಿಗುತ್ತದೆ. ಆರೋಗ್ಯವಾಗಿ ಆಡುತ್ತಿರುವ ಮಗುವಿಗೆ ಆರು ತಿಂಗಳು ಮಾತ್ರೆ ಏಕೆ ಎಂದು ಮನೆಯ ಹಿರಿಯರು ಕೇಳುತ್ತಾರೆ. ಈ ಪುಟದಲ್ಲಿರುವ ಬೆನ್ನಿನ ಸೂಜಿ, ನಳಿಕೆ, ವರ್ಷದ ಔಷಧ ಯಾವುದೂ ಬೇಡವಾಗಲಿ ಎಂದೇ. ನಿಮಗೂ, ಮನೆಯ ಉಳಿದವರಿಗೂ ಪರೀಕ್ಷೆ ಆಗಬೇಕು. ಬೋಟಿನ ಒಂದೇ ಕ್ಯಾಬಿನ್ನಿನಲ್ಲಿ ನಿಮ್ಮವರ ಜೊತೆ ಮಲಗುತ್ತಿದ್ದ ಖಲಾಸಿಗಳ ಹೆಸರು, ಊರುಗಳನ್ನೂ ಆರೋಗ್ಯ ಕಾರ್ಯಕರ್ತರಿಗೆ ಕೊಡಿ. ರಜೆಗೆ ಅವರೆಲ್ಲ ತಂತಮ್ಮ ಊರಿಗೆ ಹೋಗಿರುತ್ತಾರೆ, ಅಲ್ಲೂ ಮಕ್ಕಳಿರುತ್ತಾರೆ. ನಿಮ್ಮವರು ಔಷಧ ಶುರುವಾದ ಮೊದಲ ವಾರಗಳಲ್ಲಿ ಬೇರೆ ಕೋಣೆಯಲ್ಲಿ, ಅದಿಲ್ಲದಿದ್ದರೆ ಜಗಲಿಯಲ್ಲಿ ಮಲಗಲಿ, ಮಾಸ್ಕ್ ಹಾಕಿಕೊಳ್ಳಲಿ. ಮಳೆಯೆಂದು ಕಿಟಕಿಗಳನ್ನೆಲ್ಲ ಮುಚ್ಚಬೇಡಿ, ಗಾಳಿ ಆಡುವಷ್ಟಾದರೂ ತೆರೆದಿಡಿ. ಪಾತ್ರೆ, ಬಟ್ಟೆ ಬೇರೆ ಮಾಡಬೇಕಿಲ್ಲ.

ಪ್ರಶ್ನೆ: ಮಿದುಳಿನ ಟಿಬಿಯಿಂದ ಚೇತರಿಸಿಕೊಂಡ ಮಗುವನ್ನು ಅಂಗನವಾಡಿಗೆ ಸೇರಿಸಲು ಬೇರೆ ಪಾಲಕರು ಒಪ್ಪುತ್ತಿಲ್ಲ. ಎಡಗೈ ಇನ್ನೂ ಸರಿಯಾಗಿ ಏಳುವುದಿಲ್ಲ. ಮುಂದೇನು?
– ಜೋಯಿಡಾದ ಓದುಗರು

ಉತ್ತರ: ಮಿದುಳಿನ ಕ್ಷಯ ಒಂದು ಮಗುವಿನಿಂದ ಇನ್ನೊಂದಕ್ಕೆ ಹರಡುವುದಿಲ್ಲ, ರೋಗಾಣು ಇರುವುದು ತಲೆಯೊಳಗೆ. ಶ್ವಾಸಕೋಶದಲ್ಲೂ ಕಾಯಿಲೆ ಇದ್ದರೂ ಚಿಕ್ಕ ಮಕ್ಕಳು ಹರಡುವುದು ಬಲು ಅಪರೂಪ. ಚಿಕಿತ್ಸೆ ನೀಡುವ ವೈದ್ಯರಿಂದ ಎರಡು ಸಾಲಿನ ಪತ್ರ ಬರೆಸಿ ಅಂಗನವಾಡಿ ಕಾರ್ಯಕರ್ತೆಗೆ ಕೊಡಿ, ಆರೋಗ್ಯ ಸಹಾಯಕಿಯನ್ನೇ ಪಾಲಕರ ಸಭೆಗೆ ಕರೆಯಿರಿ.

ಕೈಯ ವ್ಯಾಯಾಮವನ್ನು ಔಷಧ ಮುಗಿಯುವವರೆಗೆ ಕಾಯಿಸಬೇಡಿ, ಈಗಲೇ ಶುರುವಾಗಬೇಕು. ಸೋತ ಕೈ ಬಿಗಿದುಕೊಂಡರೆ ಆಮೇಲೆ ಬಿಡಿಸುವುದು ಕಷ್ಟ. ಫಿಸಿಯೋಥೆರಪಿಸ್ಟ್ ಒಮ್ಮೆ ಕಲಿಸಿಕೊಟ್ಟರೆ ದಿನಕ್ಕೆ ಮೂರು ನಾಲ್ಕು ಸಲ ಹತ್ತು ಹತ್ತು ನಿಮಿಷ ಮನೆಯಲ್ಲೇ ಮಾಡಿಸಬಹುದು. ಬಲಗೈಗೆ ಸಡಿಲವಾದ ಕೈಗವಸು ತೊಡಿಸಿ, ಎಡಗೈಯಿಂದಲೇ ಹುಣಸೆಬೀಜ ಹೆಕ್ಕುವ ಆಟವನ್ನು, ಬೀಜ ಬಾಯಿಗೆ ಹೋಗದಂತೆ ಎದುರಿಗೇ ಕುಳಿತು, ಆಡಿಸಿ. ಕಿವಿ ಮತ್ತು ಕಣ್ಣಿನ ಪರೀಕ್ಷೆ ಒಮ್ಮೆ ಆಗಲೇಬೇಕು. ಮಾತು ತಡವಾಗುವುದಕ್ಕೆ ಎಷ್ಟೋ ಸಲ ಕಿವಿ ಕೇಳಿಸದಿರುವುದೇ ಕಾರಣ. ಅಂಗನವಾಡಿಗೆ ಬರುವ ಮಕ್ಕಳ ಆರೋಗ್ಯ ತಪಾಸಣಾ ತಂಡಕ್ಕೆ ಮಗುವನ್ನು ತೋರಿಸಿದರೆ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಅವರೇ ಬರೆದುಕೊಡುತ್ತಾರೆ. ಹೋಗುವಾಗ ಬಿಡುಗಡೆ ಪತ್ರ, ಸ್ಕ್ಯಾನ್, ಈಗಿನ ಔಷಧಗಳ ಪಟ್ಟಿ ಮೂರನ್ನೂ ಜೊತೆಗಿಟ್ಟುಕೊಳ್ಳಿ.